ಅಣು ಮಾದರಿ ಕಿಟ್: ಹೈಸ್ಕೂಲು, ಪಿಯುಸಿ ಮಕ್ಕಳಿಗೆ ಕೊಳ್ಳುವ ಮುನ್ನ

ಜೂನ್‌ನಲ್ಲಿ ಶಾಲೆ ಶುರುವಾಯಿತೆಂದರೆ ಹಾಸನ, ಚಿಕ್ಕಮಗಳೂರಿನ ಪುಸ್ತಕದಂಗಡಿಗಳಲ್ಲೂ ಲ್ಯಾಬ್ ಸಾಮಾನಿನ ಅಂಗಡಿಗಳಲ್ಲೂ ಒಂದು ಪ್ಲಾಸ್ಟಿಕ್ ಡಬ್ಬಿಗೆ ಬೇಡಿಕೆ ಏಳುತ್ತದೆ. ‘ಮಾಲಿಕ್ಯುಲರ್ ಮಾಡೆಲ್ ಕಿಟ್’ ಎಂದು ಕೇಳಿದರೆ ಕೊಡುತ್ತಾರೆ. ಒಳಗೆ ತೂತಿರುವ ಬಣ್ಣದ ಗುಂಡುಗಳು, ಗಟ್ಟಿ ಕಡ್ಡಿಗಳು, ಬಾಗುವ ಉದ್ದ ಕಡ್ಡಿಗಳು, ಜೊತೆಗೆ ಮಡಿಸಿಟ್ಟ ಒಂದು ಹಾಳೆ. ಒಂಬತ್ತು, ಹತ್ತನೇ ತರಗತಿ ಮತ್ತು ಪ್ರಥಮ ಪಿಯುಸಿ ಮಕ್ಕಳಿಗೆ ಇದು ಎಷ್ಟು ಉಪಯೋಗಕ್ಕೆ ಬರುತ್ತದೆ ಎಂಬುದು ಇಲ್ಲಿನ ವಿಚಾರ.

ತೀರ್ಪನ್ನು ಮೊದಲೇ ಹೇಳಿಬಿಡುತ್ತೇವೆ. ಸಹವೇಲೆನ್ಸೀಯ ಬಂಧ (ಪರಮಾಣುಗಳು ಎಲೆಕ್ಟ್ರಾನ್ ಹಂಚಿಕೊಂಡು ಕೂಡುವುದು), ಕಾರ್ಬನ್ ಸಂಯುಕ್ತಗಳು, ಅವುಗಳ ಹೆಸರು, ಸಮೀಕರಣ ಸರಿದೂಗಿಸುವುದು, ಇಷ್ಟಕ್ಕೆ ಇದಕ್ಕಿಂತ ಒಳ್ಳೆಯ ಸಾಧನ ಈ ಬೆಲೆಗೆ ಸಿಗುವುದಿಲ್ಲ. ಆದರೆ ಉಪ್ಪು, ಸುಣ್ಣ, ಮೈಲುತುತ್ತದಂಥ ಅಯಾನಿಕ ಸಂಯುಕ್ತಗಳನ್ನು (ಅಯಾನು ಎಂಬ ವಿದ್ಯುದಾವೇಶವುಳ್ಳ ಕಣಗಳಿಂದಾದವನ್ನು) ಇದರಲ್ಲೇ ಕಲಿಸಲು ಹೋದರೆ ಮಗು ತಪ್ಪನ್ನೇ ಕಲಿಯುತ್ತದೆ, ಆ ತಪ್ಪು ಪಿಯುಸಿವರೆಗೂ ಬಿಡದೆ ಬೆನ್ನು ಹತ್ತುತ್ತದೆ. ಹಾಳೆಯಲ್ಲಿ ಈ ಎಚ್ಚರಿಕೆ ಇರುವುದಿಲ್ಲ. ಅದಕ್ಕೇ ಇಷ್ಟು ಬರೆಯಬೇಕಾಯಿತು.

ಅಂಗಡಿಯಲ್ಲಿ ಡಬ್ಬಿ ತೆರೆಸಿ ನೋಡಿ. ಕಪ್ಪು ಗುಂಡು ಕಾರ್ಬನ್, ಅದಕ್ಕೆ ನಾಲ್ಕು ತೂತು. ಬಿಳಿಯದು ಹೈಡ್ರೋಜನ್, ಒಂದೇ ತೂತು. ಕೆಂಪು ಆಕ್ಸಿಜನ್, ಎರಡು. ನೀಲಿ ನೈಟ್ರೋಜನ್, ಹಸಿರು ಕ್ಲೋರಿನ್, ಹಳದಿ ಸಲ್ಫರ್. ಈ ಬಣ್ಣಗಳು ಇಂದಿನವಲ್ಲ. 1865ರಲ್ಲಿ ಹಾಫ್‌ಮನ್ ಎಂಬ ಜರ್ಮನ್ ರಸಾಯನಶಾಸ್ತ್ರಜ್ಞ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್‌ನಲ್ಲಿ ಉಪನ್ಯಾಸ ಕೊಡುವಾಗ ಹೆಚ್ಚುಕಡಿಮೆ ಇವೇ ಬಣ್ಣದ ಕ್ರೋಕೆ ಆಟದ ಚೆಂಡುಗಳನ್ನು ಬಳಸಿದ್ದರು. ಅವರ ಮೀಥೇನ್ ಮಾತ್ರ ಚಪ್ಪಟೆಯಾಗಿತ್ತು. ಕಾರ್ಬನ್ನಿನ ನಾಲ್ಕು ಬಂಧಗಳು ಚತುರ್ಮುಖಿಯ ನಾಲ್ಕು ಮೂಲೆಗಳ ಕಡೆಗೆ ಚಾಚಿರುತ್ತವೆ ಎಂದು ವ್ಯಾಂಟ್ ಹಾಫ್ ಮತ್ತು ಲೆ ಬೆಲ್ ಬೇರೆಬೇರೆಯಾಗಿ ಹೇಳಿದ್ದು 1874ರಲ್ಲಿ.

ಕಿಟ್ಟಿನ ಮೊದಲ ಪರೀಕ್ಷೆಯೂ ಇದೇ. ಒಂದು ಕಪ್ಪು ಗುಂಡಿನ ಮೂರು ತೂತಿಗೆ ಒಂದೇ ಉದ್ದದ ಮೂರು ಕಡ್ಡಿ ಸಿಕ್ಕಿಸಿ ಕೌಂಟರ್ ಮೇಲೆ ನಿಲ್ಲಿಸಿ. ಗುಂಡು ಮೂರು ಕಾಲಿನ ಮೇಲೆ ಅಲುಗದೆ ನಿಂತು, ನಾಲ್ಕನೇ ತೂತು ನೇರ ಚಾವಣಿ ನೋಡುತ್ತಿರಬೇಕು. ಒಂದು ಕಡೆ ವಾಲಿದರೆ ತೂತು ಕೊರೆದದ್ದು ಸರಿಯಿಲ್ಲ, 109.5 ಡಿಗ್ರಿ ಕೋನ ಬಂದಿಲ್ಲ ಎಂದರ್ಥ. ಅಂಥ ಗುಂಡುಗಳಲ್ಲಿ ಆರು ಕಾರ್ಬನ್ನಿನ ಉಂಗುರ ಕಟ್ಟಲು ಹೋದರೆ ಕೊನೆಯ ಕಡ್ಡಿ ಕೂರುವುದೇ ಇಲ್ಲ. ಡಬ್ಬಿಯಿಂದ ಮೂರು ನಾಲ್ಕು ಕಪ್ಪು ಗುಂಡು ಆರಿಸಿ ನೋಡಿ, ಒಂದು ಸಾಲದು.

ಎರಡನೆಯದು ಹಿಡಿತ. ಬಿಳಿ ಗುಂಡಿಗೆ ಕಡ್ಡಿ ಸಿಕ್ಕಿಸಿ ತಲೆಕೆಳಗು ಮಾಡಿ ಎರಡು ಸಲ ಕೊಡವಿ. ಉದುರಿದರೆ ಬೇಡ. ಎಳೆದರೂ ಬರದಷ್ಟು ಬಿಗಿಯಿದ್ದರೂ ಬೇಡ, ಏಕೆಂದರೆ ಮಕ್ಕಳು ಹಲ್ಲಿನಲ್ಲಿ ಕಚ್ಚಿ ಎಳೆಯುತ್ತಾರೆ, ಕಡ್ಡಿಯ ತುದಿ ಚಪ್ಪಟೆಯಾಗಿ ಮುಂದೆ ಯಾವ ತೂತಿಗೂ ಹೋಗುವುದಿಲ್ಲ. ಡಿಸೆಂಬರ್, ಜನವರಿಯ ಚಳಿಗೆ ಬಾಗುವ ಕಡ್ಡಿಗಳು ಪೆಡಸಾಗುತ್ತವೆ. ಮುರಿಯುವಂತೆ ಬಗ್ಗಿಸುವ ಬದಲು ಉಗುರುಬೆಚ್ಚಗಿನ ನೀರಿನಲ್ಲಿ ಒಂದೆರಡು ನಿಮಿಷ ಹಾಕಿ ತೆಗೆದರೆ ಮೆತ್ತಗಾಗುತ್ತವೆ.

ಮೂರನೆಯದು ಲೆಕ್ಕ, ಬಹಳ ಜನ ಮೋಸ ಹೋಗುವುದು ಇಲ್ಲೇ. ಡಬ್ಬಿಯ ಮೇಲೆ ‘60 ಪೀಸ್’, ‘100 ಪೀಸ್’ ಎಂದು ದೊಡ್ಡದಾಗಿ ಅಚ್ಚಾಗಿರುತ್ತದೆ. ಅದರಲ್ಲಿ ಅರ್ಧಕ್ಕೂ ಹೆಚ್ಚು ಕಡ್ಡಿಗಳೇ ಇರಬಹುದು. ನೋಡಬೇಕಾದ್ದು ಕೆಂಪು ಗುಂಡು ಎಷ್ಟಿವೆ, ಬಾಗುವ ಕಡ್ಡಿ ಎಷ್ಟಿವೆ ಎಂದು. ಮೀಥೇನ್ ಉರಿಯುವ ಕ್ರಿಯೆಗೆ 1 ಕಾರ್ಬನ್, 4 ಹೈಡ್ರೋಜನ್, 4 ಆಕ್ಸಿಜನ್ ಸಾಕು. ಎಥನಾಲ್ ಉರಿಸಲು 7 ಆಕ್ಸಿಜನ್ ಬೇಕು. ನಮ್ಮ ಅಡುಗೆ ಗ್ಯಾಸಿನಲ್ಲಿರುವ ಪ್ರೊಪೇನ್‌ಗೆ 10. ದ್ಯುತಿಸಂಶ್ಲೇಷಣೆಯ ಸಮೀಕರಣವನ್ನು ಪೂರ್ತಿ ಕಟ್ಟಲು 6 ಕಾರ್ಬನ್, 12 ಹೈಡ್ರೋಜನ್, 18 ಆಕ್ಸಿಜನ್. ಆರೇ ಕೆಂಪು ಗುಂಡಿರುವ ಡಬ್ಬಿಯಲ್ಲಿ ಗ್ಲೂಕೋಸ್ ಅಣು ಒಂದನ್ನು ಕಟ್ಟಬಹುದೇ ಹೊರತು ಅದು ಹುಟ್ಟುವ ಕ್ರಿಯೆಯನ್ನಲ್ಲ. ಇನ್ನು ದ್ವಿಬಂಧ ಒಂದಕ್ಕೆ ಬಾಗುವ ಕಡ್ಡಿ ಎರಡು. ಒಂದು ಕಾರ್ಬನ್ ಡೈಆಕ್ಸೈಡ್‌ಗೆ 4, ಬೆಂಜೀನ್ ಉಂಗುರಕ್ಕೆ 6. ಎಂಟಕ್ಕಿಂತ ಕಡಿಮೆ ಇದ್ದರೆ ಕೊಳ್ಳಬೇಡಿ. ಕೆಂಪು ಗುಂಡು ಹತ್ತಾದರೂ ಇರಲಿ. ಅಷ್ಟು ಸಿಗದಿದ್ದರೆ ಅಕ್ಕಪಕ್ಕದ ಎರಡು ಮನೆಯವರು ಒಂದೇ ಅಳತೆಯ ಎರಡು ಡಬ್ಬಿ ಕೊಂಡು ಸೇರಿಸಿಕೊಳ್ಳುವುದು ಒಳ್ಳೆಯ ದಾರಿ. ಬೇರೆಬೇರೆ ಕಂಪನಿಯವಾದರೆ ತೂತಿನ ಅಳತೆ ಹೊಂದದೆ ಎರಡೂ ಹಾಳು.

ಇನ್ನು ಕಲಿಕೆ. ಸಮೀಕರಣ ಸರಿದೂಗಿಸುವಾಗ ಮಕ್ಕಳು ಮಾಡುವ ತಪ್ಪು ಬಹುಪಾಲು ಒಂದೇ: ಸೂತ್ರದ ಎಡಕ್ಕೆ ಬರೆಯುವ ಅಂಕಿಯನ್ನು ಬದಲಾಯಿಸುವ ಬದಲು ಅಕ್ಷರದ ಕೆಳಗಿನ ಅಂಕಿಯನ್ನು ತಿದ್ದುವುದು. ಹೈಡ್ರೋಜನ್ ಮತ್ತು ಆಕ್ಸಿಜನ್ ಸೇರಿ ನೀರಾಗುವಾಗ ಒಂದು ಆಕ್ಸಿಜನ್ ಉಳಿಯಿತೇ? ನೀರಿನ ಸೂತ್ರದಲ್ಲೇ ಆಕ್ಸಿಜನ್ ಎರಡು ಮಾಡಿಬಿಡುತ್ತಾರೆ. ಹಾಳೆಯ ಮೇಲೆ ಅದು ಸಣ್ಣ ತಿದ್ದುಪಡಿಯಂತೆ ಕಾಣುತ್ತದೆ. ಕಿಟ್ಟಿನಲ್ಲಿ ಹಾಗೆ ಮಾಡಲು ಒಂದು ಆಕ್ಸಿಜನ್ನಿಗೆ ಇನ್ನೊಂದನ್ನು ಸಿಕ್ಕಿಸಬೇಕು, ಆಗ ಕೈಯಲ್ಲಿರುವುದು ನೀರಲ್ಲ, ಹೈಡ್ರೋಜನ್ ಪೆರಾಕ್ಸೈಡ್. ಗಾಯ ತೊಳೆಯುವ ದ್ರವ. ಆಕಾರವೇ ಬೇರೆ ಎಂದು ಕಣ್ಣಿಗೇ ಗೊತ್ತಾಗುತ್ತದೆ. ಇದನ್ನು ಒಮ್ಮೆ ಕಟ್ಟಿ ನೋಡಿದ ಮಗು ಮತ್ತೆ ಕೆಳಗಿನ ಅಂಕಿಗೆ ಕೈ ಹಾಕುವುದು ಕಡಿಮೆ. ನಿಯಮ ಹೀಗಿಡಿ: ಪ್ರತಿವರ್ತಕವಾಗಲಿ ಉತ್ಪನ್ನವಾಗಲಿ ಪೂರ್ತಿ ಅಣುವನ್ನೇ ಸೇರಿಸಬೇಕು, ಬಿಡಿ ಗುಂಡು ಸೇರಿಸುವಂತಿಲ್ಲ, ಕೊನೆಗೆ ಮೇಜಿನ ಮೇಲೆ ಒಂದು ಗುಂಡೂ ಒಂಟಿಯಾಗಿ ಉಳಿಯುವಂತಿಲ್ಲ.

ಮೀಥೇನ್ ಉರಿಯುವ ಕ್ರಿಯೆಯನ್ನು ಮೊದಲು ಮಾಡಿಸಿ. ಒಂದು ಮೀಥೇನ್‌ಗೆ ಗಟ್ಟಿ ಕಡ್ಡಿ 4, ಎರಡು ಆಕ್ಸಿಜನ್ ಅಣುಗಳಿಗೆ ಬಾಗುವ ಕಡ್ಡಿ 4. ಎಲ್ಲ ಬಿಚ್ಚಿ ಒಂದು ಕಾರ್ಬನ್ ಡೈಆಕ್ಸೈಡ್, ಎರಡು ನೀರು ಕಟ್ಟಿದರೆ ಬಾಗುವ ಕಡ್ಡಿ 4, ಗಟ್ಟಿ ಕಡ್ಡಿ 4. ಗುಂಡು ಮಾತ್ರವಲ್ಲ, ಕಡ್ಡಿಯೂ ಉಳಿಯುವುದಿಲ್ಲ. ಹಾಗಾದರೆ ಒಲೆಯ ಬಿಸಿ ಎಲ್ಲಿಂದ ಬಂತು? ‘ಬಂಧ ಮುರಿದಾಗ ಶಕ್ತಿ ಹೊರಬರುತ್ತದೆ’ ಎಂಬ ತಪ್ಪು ತಿಳಿವಳಿಕೆಯನ್ನು ಕಿತ್ತುಹಾಕುವ ಜಾಗ ಇದು. ಕಡ್ಡಿ ಎಳೆಯಲು ಕೈಗೆ ಶ್ರಮ ಬೇಕಲ್ಲ, ಹಾಗೇ ಬಂಧ ಮುರಿಯಲು ಶಕ್ತಿ ಕೊಡಬೇಕು. ಕಾರ್ಬನ್-ಹೈಡ್ರೋಜನ್ ಬಂಧಕ್ಕೆ ಮೋಲ್‌ಗೆ ಸುಮಾರು 413 ಕಿಲೋಜೂಲ್, ಆಕ್ಸಿಜನ್ ದ್ವಿಬಂಧಕ್ಕೆ 498. ಒಟ್ಟು ಕೊಡಬೇಕಾದ್ದು 2648. ಹೊಸ ಬಂಧ ಕೂಡುವಾಗ ಹಿಂದಿರುಗುವುದು ಕಾರ್ಬನ್ ಡೈಆಕ್ಸೈಡ್‌ನ ಎರಡು ದ್ವಿಬಂಧಕ್ಕೆ 799ರಂತೆ, ನೀರಿನ ನಾಲ್ಕು ಆಕ್ಸಿಜನ್-ಹೈಡ್ರೋಜನ್ ಬಂಧಕ್ಕೆ 463ರಂತೆ, ಒಟ್ಟು 3450. ವ್ಯತ್ಯಾಸ 802 ಕಿಲೋಜೂಲ್, ಅದೇ ಒಲೆಯ ಬಿಸಿ. ಪ್ರತಿ ಕಡ್ಡಿಯ ಮೇಲೆ ಈ ಅಂಕಿಯ ಚಿಕ್ಕ ಚೀಟಿ ಅಂಟಿಸಿದರೆ ಪಿಯುಸಿಯ ಬಂಧಶಕ್ತಿ ಲೆಕ್ಕವೂ ಇದರಲ್ಲೇ ಮುಗಿಯುತ್ತದೆ. ಕೂಡಿಸುವಾಗ ಹೊರಬರುವ ಶಕ್ತಿಯನ್ನು ಮಾತ್ರ ಪ್ಲಾಸ್ಟಿಕ್ ತೋರಿಸಲಾರದು, ಅದನ್ನು ಬಾಯಿಮಾತಿನಲ್ಲೇ ಹೇಳಬೇಕು.

ಕಾರ್ಬನ್ ಸಂಯುಕ್ತಗಳ ಹೆಸರಿಡುವಿಕೆಗೆ ಈ ಕಿಟ್ ನಿಜಕ್ಕೂ ಹೇಳಿ ಮಾಡಿಸಿದ್ದು. ನಾಲ್ಕು ಕಾರ್ಬನ್, ಹತ್ತು ಹೈಡ್ರೋಜನ್, ಹದಿಮೂರು ಕಡ್ಡಿ ಕೊಟ್ಟು ‘ಎಷ್ಟು ಬಗೆಯಲ್ಲಿ ಕಟ್ಟಬಹುದು?’ ಎಂದು ಕೇಳಿ. ಮಕ್ಕಳು ನಾಲ್ಕೈದು ಬಗೆ ಕಟ್ಟುತ್ತಾರೆ. ಎರಡು ತುದಿ ಹಿಡಿದು ಮೆಲ್ಲಗೆ ತಿರುಗಿಸಿದರೆ ಹೆಚ್ಚಿನವು ಒಂದೇ ಬ್ಯೂಟೇನ್ ಎಂದು ಗೊತ್ತಾಗುತ್ತದೆ, ಏಕಬಂಧದ ಸುತ್ತ ಗುಂಡು ಸಲೀಸಾಗಿ ತಿರುಗುತ್ತದೆ. ಕೊನೆಗೆ ಉಳಿಯುವುದು ಎರಡೇ: ಬ್ಯೂಟೇನ್ ಮತ್ತು 2-ಮೀಥೈಲ್‌ಪ್ರೊಪೇನ್. ಹೀಗೆ ಒಂದೇ ಸೂತ್ರವಿದ್ದು ಜೋಡಣೆ ಬೇರೆಯಿರುವವು ರಚನಾ ಸಮಾಂಗಿಗಳು. ಐದು ಕಾರ್ಬನ್ನಿಗೆ ಅವು ಮೂರು, ಆರಕ್ಕೆ ಐದು.

ಹೆಸರಿನಲ್ಲಿ ಎಡವುವುದು ಅತಿ ಉದ್ದದ ಸರಪಳಿ ಗುರುತಿಸುವಾಗ. ಪುಸ್ತಕದಲ್ಲಿ ಅಡ್ಡ ಗೆರೆಯಲ್ಲಿ ಬರೆದದ್ದೇ ಮುಖ್ಯ ಸರಪಳಿ, ಕೆಳಗೆ ಇಳಿದದ್ದು ಕೊಂಬೆ ಎಂದುಕೊಳ್ಳುತ್ತಾರೆ. ಹಾಗಾಗಿ ‘1-ಮೀಥೈಲ್‌ಬ್ಯೂಟೇನ್’ ಎಂಬ ಹೆಸರು ಉತ್ತರಪತ್ರಿಕೆಯಲ್ಲಿ ಹುಟ್ಟುತ್ತದೆ. ಅದನ್ನು ಕಟ್ಟಿ ಎರಡು ತುದಿ ಎಳೆದರೆ ಐದು ಕಾರ್ಬನ್ನಿನ ನೇರ ಸರಪಳಿ, ಪೆಂಟೇನ್. ‘2-ಈಥೈಲ್‌ಪ್ರೊಪೇನ್’ ಎಂದು ಬರೆದದ್ದನ್ನು ಕಟ್ಟಿದರೆ ಅದು 2-ಮೀಥೈಲ್‌ಬ್ಯೂಟೇನ್. ಯಾವುದಾದರೂ ಒಂದು ತುದಿಯ ಕಪ್ಪು ಗುಂಡಿನಿಂದ ಬೆರಳಿಟ್ಟು, ಎತ್ತದೆ, ಹೋದ ದಾರಿಗೆ ಮರಳದೆ ಇನ್ನೊಂದು ತುದಿಗೆ ಹೋಗಿ ಎಣಿಸಬೇಕು. ಎಲ್ಲ ತುದಿಗಳಿಂದಲೂ ಹೀಗೆ ಎಣಿಸಿದ ಮೇಲೆ ಸಿಕ್ಕ ದೊಡ್ಡ ಸಂಖ್ಯೆಯೇ ಮೂಲ ಹೆಸರು. ಸಂಖ್ಯೆ ಕೊಡುವುದು ಕೊಂಬೆಗೆ ಹತ್ತಿರವಾದ ತುದಿಯಿಂದ.

ದ್ವಿಬಂಧ ಹಾಕಿದ ಕೂಡಲೇ ತಿರುಗುವುದು ನಿಲ್ಲುತ್ತದೆ. ಬ್ಯೂಟ್-2-ಈನ್ ಕಟ್ಟಿದರೆ ಎರಡು ಮೀಥೈಲ್‌ಗಳು (ಒಂದು ಕಾರ್ಬನ್, ಮೂರು ಹೈಡ್ರೋಜನ್‌ನ ಗುಂಪು) ಒಂದೇ ಬದಿಗಿರುವುದು ಬೇರೆ, ಎದುರುಬದುರಿಗಿರುವುದು ಬೇರೆ. ಒಂದನ್ನು ಇನ್ನೊಂದಾಗಿಸಲು ಕಡ್ಡಿ ಕಳಚಲೇಬೇಕು. ಪಾಠದಲ್ಲಿ ಅರ್ಧ ಗಂಟೆ ಹಿಡಿಯುವ ಈ ವಿಷಯ ಕೈಯಲ್ಲಿ ತಕ್ಷಣ ಅರ್ಥವಾಗುತ್ತದೆ.

ಹತ್ತನೇ ತರಗತಿಯವರಿಗೆ ಎಸ್ಟರೀಕರಣವನ್ನೂ, ಎಂದರೆ ಆಮ್ಲ ಮತ್ತು ಆಲ್ಕೋಹಾಲ್ ಸೇರಿ ಎಸ್ಟರ್ ಆಗುವ ಕ್ರಿಯೆಯನ್ನೂ ತಪ್ಪದೆ ಮಾಡಿಸಿ. ಎಥನೋಯಿಕ್ ಆಮ್ಲ ಮತ್ತು ಎಥನಾಲ್ ಎರಡಕ್ಕೂ ಸೇರಿ ಬೇಕಾಗುವುದು 4 ಕಾರ್ಬನ್, 10 ಹೈಡ್ರೋಜನ್, 3 ಆಕ್ಸಿಜನ್, 14 ಗಟ್ಟಿ ಕಡ್ಡಿ, 2 ಬಾಗುವ ಕಡ್ಡಿ. ಅತಿ ಚಿಕ್ಕ ಡಬ್ಬಿಯಲ್ಲೂ ಇಷ್ಟಿರುತ್ತದೆ. ಆಮ್ಲದಿಂದ ಆಕ್ಸಿಜನ್-ಹೈಡ್ರೋಜನ್ ಜೋಡಿಯನ್ನೂ ಆಲ್ಕೋಹಾಲ್‌ನಿಂದ ಹೈಡ್ರೋಜನ್ ಒಂದನ್ನೂ ಕಳಚಿ ನೀರು ಮಾಡಿ, ಉಳಿದೆರಡನ್ನು ಜೋಡಿಸಬೇಕು. ಮಕ್ಕಳು ಇದನ್ನು ತಿರುಗಾಮುರುಗಾ ಮಾಡಿದರೂ ಉತ್ಪನ್ನ ಅದೇ ಬರುತ್ತದೆ, ಹಾಗಾಗಿ ತಪ್ಪು ಗೊತ್ತಾಗುವುದಿಲ್ಲ. ನೀರಿಗೆ ಹೋಗುವ ಆಕ್ಸಿಜನ್ ಆಮ್ಲದ್ದು ಎಂದು ನೆನಪಿಡಲು ಆ ಕೆಂಪು ಗುಂಡಿನ ಮೇಲೆ ಪೆನ್ನಿನಲ್ಲಿ ಒಂದು ಚುಕ್ಕೆ ಇಡಿ.

ಈಗ ದೋಷಗಳು. ನೀಲಿ ಗುಂಡಿಗೆ ಕೆಲವು ಡಬ್ಬಿಗಳಲ್ಲಿ ಮೂರು ತೂತು, ಕೆಲವುಗಳಲ್ಲಿ ನಾಲ್ಕು. ನಾಲ್ಕಿದ್ದರೆ ಅಮೋನಿಯಾ ಕಟ್ಟುವ ಮಗು ಖಾಲಿ ತೂತು ಕಂಡು ನಾಲ್ಕನೇ ಹೈಡ್ರೋಜನ್ ಸಿಕ್ಕಿಸುತ್ತದೆ. ಅದು ಅಮೋನಿಯಂ ಅಯಾನು, ಅಮೋನಿಯಾ ಅಲ್ಲ. ಆ ತೂತಿನಲ್ಲಿರುವುದು ಬಂಧವಾಗದ ಎಲೆಕ್ಟ್ರಾನ್ ಜೋಡಿ. ಅಲ್ಲಿಗೆ ಸ್ವಲ್ಪ ಮೇಣ ತುಂಬಿ ‘ಈ ಜಾಗ ಖಾಲಿಯಿಲ್ಲ’ ಎಂದು ಹೇಳಿಕೊಡಿ. ಸರಿಯಾಗಿ ಹೇಳಿಕೊಟ್ಟರೆ ಮೂರು ತೂತಿನದಕ್ಕಿಂತ ನಾಲ್ಕು ತೂತಿನದೇ ಮೇಲು. ನೀರಿನ ಕೋನ 104.5 ಡಿಗ್ರಿ, ಅಮೋನಿಯಾದ್ದು ಸುಮಾರು 107. ಕಿಟ್ಟಿನಲ್ಲಿ ಈ ಸೂಕ್ಷ್ಮ ಬರುವುದಿಲ್ಲ, ಹೈಸ್ಕೂಲಿಗೆ ಅದರ ಅಗತ್ಯವೂ ಇಲ್ಲ. ಎರಡೇ ತೂತಿನ ಕೆಂಪು ಗುಂಡಿನಲ್ಲಿ ಕಾರ್ಬನ್ ಮೊನಾಕ್ಸೈಡ್, ಓಝೋನ್ ಕಟ್ಟಲು ಆಗುವುದಿಲ್ಲ, ಪ್ರಯತ್ನಿಸಿ ಹೊತ್ತು ಕಳೆಯಬೇಡಿ. ಆರು ತೂತಿನ ಹಳದಿ ಗುಂಡಿನಿಂದ ಸಲ್ಫ್ಯೂರಿಕ್ ಆಮ್ಲ ಕಟ್ಟಿದರೆ ಬಂಧದ ಲೆಕ್ಕ ಸರಿ, ಆಕಾರ ತಪ್ಪು.

ದೊಡ್ಡ ದೋಷ ಬೂದು ಬಣ್ಣದ ಗುಂಡುಗಳದ್ದು. ಅವು ಲೋಹಗಳಂತೆ. ಹಾಳೆಯಲ್ಲಿ ಬೂದು ಗುಂಡಿಗೆ ಹಸಿರು ಗುಂಡು ಕಡ್ಡಿಯಲ್ಲಿ ಸೇರಿಸಿ ‘ಸೋಡಿಯಂ ಕ್ಲೋರೈಡ್’ ಎಂದು ಬರೆದಿರುತ್ತಾರೆ. ಅಡುಗೆ ಉಪ್ಪಿನಲ್ಲಿ ಹಾಗೊಂದು ಜೋಡಿ ಅಣು ಇಲ್ಲವೇ ಇಲ್ಲ. ಹರಳಿನೊಳಗೆ ಪ್ರತಿ ಸೋಡಿಯಂ ಅಯಾನಿನ ಸುತ್ತ ಆರು ಕ್ಲೋರೈಡ್, ಪ್ರತಿ ಕ್ಲೋರೈಡ್‌ನ ಸುತ್ತ ಆರು ಸೋಡಿಯಂ. ಯಾವುದು ಯಾರ ಜೊತೆ ಎಂದು ಬೇರ್ಪಡಿಸಿ ಹೇಳುವಂತಿಲ್ಲ. ಕಡ್ಡಿ ಎಂದರೆ ಹಂಚಿಕೊಂಡ ಎಲೆಕ್ಟ್ರಾನ್ ಜೋಡಿ ಎಂದು ಮೀಥೇನ್‌ನಲ್ಲಿ ಕಲಿಸಿ, ಅದೇ ಕಡ್ಡಿಯನ್ನು ಉಪ್ಪಿಗೂ ಹಾಕಿದರೆ ಎರಡೂ ಬಂಧ ಒಂದೇ ಆಗಿಬಿಡುತ್ತದೆ. ಉಪ್ಪು 801 ಡಿಗ್ರಿಯವರೆಗೆ ಏಕೆ ಕರಗುವುದಿಲ್ಲ, ನೀರಿನಲ್ಲಿ ಕರಗಿದ ಮೇಲೆ ವಿದ್ಯುತ್ ಏಕೆ ಹರಿಯುತ್ತದೆ ಎಂಬ ಪ್ರಶ್ನೆಗಳಿಗೆ ಮಗುವಿನ ಬಳಿ ಉತ್ತರವೇ ಇರುವುದಿಲ್ಲ. ಬೂದು ಗುಂಡುಗಳನ್ನು ಡಬ್ಬಿಯಿಂದ ತೆಗೆದಿಟ್ಟುಬಿಡಿ.

ಅದರ ಬದಲು ರಟ್ಟು ಕತ್ತರಿಸಿ. ಎಲ್ಲ ಪಟ್ಟಿಯ ಅಗಲ 4 ಸೆಂಟಿಮೀಟರ್. ಎತ್ತರ ಮಾತ್ರ ಅಯಾನಿನ ವಿದ್ಯುದಾವೇಶದಷ್ಟು. ಒಂದು ಆವೇಶಕ್ಕೆ 2 ಸೆಂ.ಮೀ., ಎರಡಕ್ಕೆ 4, ಮೂರಕ್ಕೆ 6. ಧನ ಅಯಾನಿಗೆ ಒಂದು ಬಣ್ಣ, ಋಣ ಅಯಾನಿಗೆ ಇನ್ನೊಂದು. ಸೋಡಿಯಂ, ಅಮೋನಿಯಂ, ಕ್ಲೋರೈಡ್, ನೈಟ್ರೇಟ್, ಹೈಡ್ರಾಕ್ಸೈಡ್ 2 ಸೆಂ.ಮೀ.; ಕ್ಯಾಲ್ಸಿಯಂ, ಮೆಗ್ನೀಸಿಯಂ, ಕಾಪರ್(II), ಆಕ್ಸೈಡ್, ಸಲ್ಫೇಟ್, ಕಾರ್ಬೋನೇಟ್ 4; ಅಲ್ಯೂಮಿನಿಯಂ, ಫಾಸ್ಫೇಟ್ 6. ಎರಡು ಸಾಲು ಪೇರಿಸುತ್ತ ಹೋಗಿ ಎತ್ತರ ಸಮವಾದಲ್ಲಿ ನಿಲ್ಲಿಸುವುದು. ಅಲ್ಯೂಮಿನಿಯಂ ಎರಡು, ಸಲ್ಫೇಟ್ ಮೂರು ಇಟ್ಟಾಗ ಎರಡೂ 12 ಸೆಂ.ಮೀ. ಸಲ್ಫೇಟ್ ಒಂದೇ ತುಂಡು ರಟ್ಟು, ಅದನ್ನು ಹರಿಯುವಂತಿಲ್ಲ. ಸೂತ್ರದಲ್ಲಿ ಆವರಣ ಚಿಹ್ನೆ ಏಕೆ ಬೇಕು ಎಂಬುದು ಅಲ್ಲೇ ತಿಳಿಯುತ್ತದೆ. ಮೆಗ್ನೀಸಿಯಂಗೂ ಆಕ್ಸೈಡ್‌ಗೂ ಒಂದೊಂದೇ ಸಾಕು, ಅಡ್ಡ ಗುಣಾಕಾರ ಮಾಡಿ ಎರಡೆರಡು ಬರೆಯುವ ತಪ್ಪಿಗೆ ಅವಕಾಶವೇ ಇಲ್ಲ.

ಹೆಸರಿಡುವಾಗಲೂ ಈ ಎರಡು ಗುಂಪನ್ನು ಬೇರೆ ಇಡಬೇಕು. ಕಡ್ಡಿಯಲ್ಲಿ ಕಟ್ಟಿದ್ದಕ್ಕೆ, ಎಂದರೆ ಎರಡು ಅಲೋಹಗಳ ಸಂಯುಕ್ತಕ್ಕೆ, ಮೊನೋ, ಡೈ, ಟ್ರೈ ಬೇಕು: ಕಾರ್ಬನ್ ಡೈಆಕ್ಸೈಡ್, ಫಾಸ್ಫರಸ್ ಪೆಂಟಾಕ್ಲೋರೈಡ್. ರಟ್ಟಿನಲ್ಲಿ ಪೇರಿಸಿದ್ದಕ್ಕೆ ಬೇಡ. ಅದು ಕ್ಯಾಲ್ಸಿಯಂ ಕ್ಲೋರೈಡ್, ‘ಡೈಕ್ಲೋರೈಡ್’ ಅಲ್ಲ. ಕಬ್ಬಿಣ, ತಾಮ್ರದಂತೆ ಆವೇಶ ಬದಲಾಗುವ ಲೋಹಕ್ಕೆ ಮಾತ್ರ ರೋಮನ್ ಅಂಕಿ ಸೇರಿಸಬೇಕು. ಕಿಟ್ಟಿನ ಹಾಳೆ ಇನ್ನೂ ಫೆರಸ್ (ಐರನ್ II), ಫೆರಿಕ್ (ಐರನ್ III) ಎನ್ನುತ್ತದೆ, ಎರಡನ್ನೂ ತಿಳಿದಿರುವುದು ಒಳ್ಳೆಯದು. ಉದಾಹರಣೆಗೆ ದೂರ ಹೋಗಬೇಕಿಲ್ಲ. ಕೆಮ್ಮಣ್ಣುಗುಂಡಿಯ ಕೆಂಪು ಅದಿರು ಹೆಮಟೈಟ್, ಕಬ್ಬಿಣ ಎರಡಕ್ಕೆ ಆಕ್ಸಿಜನ್ ಮೂರು, ಐರನ್(III) ಆಕ್ಸೈಡ್. ಕುದುರೆಮುಖದಲ್ಲಿ ತೆಗೆಯುತ್ತಿದ್ದದ್ದು ಮ್ಯಾಗ್ನಟೈಟ್, ಕಬ್ಬಿಣ ಮೂರಕ್ಕೆ ಆಕ್ಸಿಜನ್ ನಾಲ್ಕು. ರಟ್ಟಿನಲ್ಲಿ ಇಟ್ಟುನೋಡಿದರೆ 4 ಸೆಂ.ಮೀ.ನ ಕಬ್ಬಿಣ ಒಂದು, 6ರದ್ದು ಎರಡು, ಒಟ್ಟು 16. ಆಕ್ಸೈಡ್ ನಾಲ್ಕೂ ಸೇರಿ 16. ಒಂದೇ ಹರಳಿನಲ್ಲಿ ಎರಡು ಬಗೆಯ ಕಬ್ಬಿಣ.

ಕಿಟ್ಟಿಗೆ ನಿಲುಕದ ಇನ್ನೊಂದು ಭಾಗ ಸ್ಥಾನಪಲ್ಲಟ (ಒಂದು ಲೋಹ ಇನ್ನೊಂದನ್ನು ಹೊರದೂಡುವುದು) ಮತ್ತು ದ್ವಿಸ್ಥಾನಪಲ್ಲಟ (ಎರಡು ಸಂಯುಕ್ತಗಳು ಅಯಾನು ಅದಲುಬದಲು ಮಾಡಿಕೊಳ್ಳುವುದು) ಕ್ರಿಯೆಗಳು. ಅವೆರಡೂ ನಮ್ಮ ಅಡಿಕೆ ತೋಟ, ಕಾಫಿ ತೋಟಗಳಲ್ಲಿ ಪ್ರತಿ ಮಳೆಗಾಲ ನಡೆಯುತ್ತವೆ. ಶಿಲೀಂಧ್ರ ರೋಗ ತಡೆಯಲು ಸಿಂಪಡಿಸುವ ಶೇಕಡ 1ರ ಬೋರ್ಡೋ ದ್ರಾವಣಕ್ಕೆ 1 ಕೆ.ಜಿ. ಮೈಲುತುತ್ತವನ್ನು 50 ಲೀಟರ್ ನೀರಿನಲ್ಲಿ, 1 ಕೆ.ಜಿ. ಸುಣ್ಣವನ್ನು ಇನ್ನೊಂದು 50 ಲೀಟರ್‌ನಲ್ಲಿ ಕರಗಿಸಿ, ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ಸುರಿಯುತ್ತಾರೆ. ಸರಳವಾಗಿ ಬರೆದರೆ ಕಾಪರ್ ಸಲ್ಫೇಟ್ (ಮೈಲುತುತ್ತ), ಕ್ಯಾಲ್ಸಿಯಂ ಹೈಡ್ರಾಕ್ಸೈಡ್ (ಸುಣ್ಣ) ಜೊತೆ ಅಯಾನು ಅದಲುಬದಲು ಮಾಡಿಕೊಂಡು ನೀಲಿ ಪ್ರಕ್ಷೇಪ, ಎಂದರೆ ನೀರಿನಲ್ಲಿ ಕರಗದ ಗಸಿ, ಕೊಡುತ್ತದೆ. ಸಮೀಕರಣದ ಪ್ರಕಾರ 250 ಗ್ರಾಂ ಮೈಲುತುತ್ತಕ್ಕೆ 74 ಗ್ರಾಂ ಸುಣ್ಣ ಸಾಕು, ಎಂದರೆ ಕೆ.ಜಿ.ಗೆ 300 ಗ್ರಾಂ. ಒಂದು ಕೆ.ಜಿ. ಹಾಕುವುದು ಬಿಡಿ ತಾಮ್ರ ಉಳಿದು ಎಲೆ ಸುಡದಿರಲಿ ಎಂದು. ಹಳೆಯ ಸುಣ್ಣ ಗಾಳಿಯ ಕಾರ್ಬನ್ ಡೈಆಕ್ಸೈಡ್ ಹೀರಿ ಶಕ್ತಿ ಕಳೆದುಕೊಂಡಿರುತ್ತದೆ ಕೂಡ. ಸರಿಯಾಯಿತೇ ಎಂದು ನೋಡಲು ಹೊಳಪಿನ ಕಬ್ಬಿಣದ ಚಾಕು ಅದ್ದುತ್ತಾರೆ. ಅಲಗು ಕೆಂಪಾದರೆ ಕಬ್ಬಿಣ ತಾಮ್ರವನ್ನು ಹೊರದೂಡಿದೆ, ಇನ್ನಷ್ಟು ಸುಣ್ಣ ಬೇಕು. ಕಬ್ಬಿಣದ ಡ್ರಮ್ಮಿನಲ್ಲಿ ಕಲಸಬಾರದು ಎನ್ನುವುದೂ ಇದೇ ಕಾರಣಕ್ಕೆ.

ಮನೆಯಲ್ಲಿ ಇದನ್ನು ಮಾಡಿ ನೋಡಲು 1 ಗ್ರಾಂ ಮೈಲುತುತ್ತ, 50 ಮಿ.ಲೀ. ನೀರು, ಉಪ್ಪುಕಾಗದದಲ್ಲಿ ಉಜ್ಜಿದ ಒಂದು ಮೊಳೆ ಸಾಕು. ಇಪ್ಪತ್ತು ನಿಮಿಷದಲ್ಲಿ ಮೊಳೆಗೆ ಕಂದುಗೆಂಪು ಪದರ ಬರುತ್ತದೆ. ನೀಲಿ ಬಣ್ಣ ಪೂರ್ತಿ ಹೋಗಲು ಬಹಳ ಹೊತ್ತು ಬೇಕು, ಅವಸರ ಪಡಬೇಡಿ. ಏನೂ ಆಗದಿದ್ದರೆ ಮೊಳೆ ಸ್ಟೇನ್‌ಲೆಸ್ ಸ್ಟೀಲಿನದು, ಇಲ್ಲವೇ ಎಣ್ಣೆ ಪಸೆ ಹೋಗಿಲ್ಲ. ಪದರ ಕಪ್ಪಗೆ ಬಂದರೆ ಮೊಳೆಗೆ ಸತುವಿನ ಲೇಪವಿದೆ, ಕ್ರಿಯೆ ನಡೆದಿರುವುದು ಸತುವಿನದು. ಅಡುಗೆ ಪಾತ್ರೆ ಬೇಡ, ಕೈಗವಸು ಹಾಕಿಸಿ, ಮಕ್ಕಳ ಬಾಯಿಗೆ ಹೋಗದಂತೆ ನೋಡಿಕೊಳ್ಳಿ. ಉಳಿದದ್ದನ್ನು ಕೆರೆ, ಹಳ್ಳಕ್ಕೆ ಚೆಲ್ಲಬೇಡಿ, ತಾಮ್ರ ಮೀನಿಗೆ ವಿಷ.

ಡಬ್ಬಿ ಕೊಂಡ ದಿನವೇ ಗುಂಡುಗಳನ್ನು ಬಣ್ಣವಾರು ಎಣಿಸಿ ಮುಚ್ಚಳದ ಒಳಗೆ ಬರೆದಿಡಿ, ಆಟ ಮುಗಿದಾಗಲೆಲ್ಲ ತಾಳೆ ನೋಡಿ. ಗಟ್ಟಿ ಕಡ್ಡಿ ಕಳೆದರೆ ಊದುಬತ್ತಿಯ ಬಿದಿರು ಕಡ್ಡಿಯನ್ನು ಅದೇ ಉದ್ದಕ್ಕೆ ಕತ್ತರಿಸಿ, ತೆಳುವಾದರೆ ತುದಿಗೆ ಒಂದು ಸುತ್ತು ಟೇಪ್ ಹಾಕಿ ಬಳಸಬಹುದು. ಬಾಗುವ ಕಡ್ಡಿಗೆ ಬದಲಿ ಸುಲಭವಾಗಿ ಸಿಗುವುದಿಲ್ಲ, ಹಾಗಾಗಿ ಅವನ್ನು ಬೇರೆಯದೇ ಒಂದು ಜಿಪ್ ಚೀಲದಲ್ಲಿ ಹಾಕಿಡಿ. ಹೈಡ್ರೋಜನ್ ಗುಂಡುಗಳು ಚಿಕ್ಕವು. ಮನೆಯಲ್ಲಿ ಮೂರು ವರ್ಷದೊಳಗಿನ ಕೂಸಿದ್ದರೆ ಡಬ್ಬಿ ಅಟ್ಟದ ಮೇಲಿರಲಿ.